ಹಳೆಯ ಕ್ಯಾಸೆಟ್ಟಿನ ಚಿತ್ರಕ್ಕೆ ತಕ್ಕ ಅಳತೆ

ಕರ್ನಾಟಕದ ಎಷ್ಟೋ ಮನೆಗಳ ಬೀರುಗಳಲ್ಲಿ 1980 ಮತ್ತು 1990ರ ದಶಕಗಳ ಮದುವೆ, ಮುಂಜಿ, ಗೃಹಪ್ರವೇಶ, ಶಾಲಾ ವಾರ್ಷಿಕೋತ್ಸವಗಳ ವಿಡಿಯೊ ಕ್ಯಾಸೆಟ್‌ಗಳು ಇನ್ನೂ ಉಳಿದುಕೊಂಡಿವೆ. ಅವುಗಳನ್ನು ಓಡಿಸಬಲ್ಲ ಸುಸ್ಥಿತಿಯ ವಿಸಿಆರ್‌ಗಳು ಮಾತ್ರ ಅಪರೂಪವಾಗುತ್ತಿವೆ. ಜಪಾನಿನ ಫುನಾಯ್ ಕಂಪನಿ 2016ರಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿದ ಮೇಲೆ ಹೊಸ ಯಂತ್ರ ದೊರೆಯುವ ದಾರಿ ಮುಚ್ಚಿತು, ಇತ್ತ ಮಲೆನಾಡು ಮತ್ತು ಕರಾವಳಿಯ ಮಳೆಗಾಲದ ತೇವದಲ್ಲಿ ಟೇಪಿನ ಸುರುಳಿಗೆ ಬೂಷ್ಟು ಹಿಡಿಯುವುದೂ ನಿಂತಿಲ್ಲ. ಆದ್ದರಿಂದ ಇಂಥ ಕ್ಯಾಸೆಟ್‌ಗಳನ್ನು ಕಂಪ್ಯೂಟರಿನ ಕಡತಗಳನ್ನಾಗಿ ಬದಲಿಸಿಕೊಳ್ಳುವುದು, ಅಂದರೆ ಡಿಜಿಟಲೀಕರಿಸುವುದು, ಮುಂದೂಡಲಾಗದ ಕೆಲಸವಾಗಿದೆ. ಈ ಕೆಲಸಕ್ಕೆ ಕೈಹಾಕಿದವರಿಗೆ ಮೊದಲು ಎದುರಾಗುವ ಪ್ರಶ್ನೆಗಳು ಎರಡು: ಚಿತ್ರವನ್ನು ಎಷ್ಟು ಪಿಕ್ಸೆಲ್‌ಗಳಲ್ಲಿ ಹಿಡಿದಿಡಬೇಕು, ಮತ್ತು ಅದರ ಅಗಲ ಎತ್ತರಗಳ ಅನುಪಾತ ಎಷ್ಟಿರಬೇಕು. ಎಚ್‌ಡಿ, 4ಕೆ ಎಂಬ ಮಾತುಗಳು ಅಂಗಡಿಯ ಫಲಕಗಳಲ್ಲಿ ಸಲೀಸಾಗಿ ಓಡಾಡುವ ಈ ಕಾಲದಲ್ಲಿ ದೊಡ್ಡ ಸಂಖ್ಯೆಯೇ ಒಳ್ಳೆಯ ಉತ್ತರವೆಂದು ತೋರುವುದು ಸಹಜ. ವಾಸ್ತವದಲ್ಲಿ ಈ ಎರಡೂ ಪ್ರಶ್ನೆಗಳಿಗೆ ಉತ್ತರ ಟೇಪಿನ ಸಂಕೇತದಲ್ಲೇ ಅಡಗಿದೆ, ಮತ್ತು ಅದನ್ನು ಗಮನಿಸದೆ ಆರಿಸಿದ ದೊಡ್ಡ ಸಂಖ್ಯೆ ಚಿತ್ರವನ್ನು ಸುಧಾರಿಸುವ ಬದಲು ಸರಿಪಡಿಸಲಾಗದಂತೆ ಕೆಡಿಸುವ ಸಂಭವವೇ ಹೆಚ್ಚು.

ಭಾರತದಲ್ಲಿ ಬಣ್ಣದ ಟಿವಿ ಪ್ರಸಾರ 1982ರಲ್ಲಿ ಆರಂಭವಾದಾಗ ದೂರದರ್ಶನ ಅನುಸರಿಸಿದ್ದು ಪಾಲ್ ಎಂಬ ಪದ್ಧತಿಯನ್ನು. ದೇಶದ ವಿಸಿಆರ್‌ಗಳೂ ಮದುವೆ ಮನೆಗಳ ಕ್ಯಾಮೆರಾಗಳೂ ಬಹುಮಟ್ಟಿಗೆ ಅದನ್ನೇ ಅನುಸರಿಸಿದವು. ಈ ಪದ್ಧತಿಯಲ್ಲಿ ಒಂದು ಪೂರ್ಣ ಚಿತ್ರ, ಅಂದರೆ ಒಂದು ಫ್ರೇಮ್, ಮೇಲಿನಿಂದ ಕೆಳಕ್ಕೆ 625 ಅಡ್ಡಗೆರೆಗಳಾಗಿ ವಿಂಗಡವಾಗಿರುತ್ತದೆ ಮತ್ತು ಸೆಕೆಂಡಿಗೆ 25 ಫ್ರೇಮ್‌ಗಳು ಬರುತ್ತವೆ. ಆ 625ರಲ್ಲಿ ಕೆಲವು ಗೆರೆಗಳು ಟಿವಿಯೊಳಗಿನ ಎಲೆಕ್ಟ್ರಾನ್ ಕಿರಣ ಕೆಳತುದಿಯಿಂದ ಮತ್ತೆ ಮೇಲಕ್ಕೆ ಮರಳುವ ಅವಧಿಗೆ ಮೀಸಲಾಗಿದ್ದು, ಚಿತ್ರವನ್ನು ಹೊತ್ತಿರುವುದು 576 ಗೆರೆಗಳು ಮಾತ್ರ. ಹೀಗೆ ಎತ್ತರದ ದಿಕ್ಕಿನಲ್ಲಿ ಚಿತ್ರ ಮೊದಲೇ ಎಣಿಕೆಗೆ ಒಳಪಟ್ಟಿರುತ್ತದೆ. ಟೇಪಿನಲ್ಲಿರುವುದು 576 ಗೆರೆಗಳು ಎಂದ ಮೇಲೆ ಕಡತದಲ್ಲಿಯೂ 576 ಗೆರೆಗಳಿರಬೇಕು, ಅದರಲ್ಲಿ ಆಯ್ಕೆಯ ಮಾತೇ ಇಲ್ಲ. ಅಗಲದ ದಿಕ್ಕಿನ ಕಥೆ ಬೇರೆ. ಒಂದು ಗೆರೆಯ ಉದ್ದಕ್ಕೂ ಬೆಳಕಿನ ಏರಿಳಿತವು ಎಡೆಬಿಡದ ವಿದ್ಯುತ್ ಅಲೆಯಾಗಿ ಸಾಗುತ್ತದೆ, ಅಲ್ಲಿ ಪಿಕ್ಸೆಲ್ ಎಂಬುದೇ ಇರುವುದಿಲ್ಲ. ಆ ಅಲೆಯನ್ನು ಎಷ್ಟು ಕಡೆ ಅಳೆದು ಅಂಕಿಗಳನ್ನಾಗಿ ಬರೆದುಕೊಳ್ಳಬೇಕು ಎಂಬುದನ್ನು ಡಿಜಿಟಲೀಕರಿಸುವ ಯಂತ್ರ ನಿರ್ಧರಿಸುತ್ತದೆ, ಮತ್ತು ಹಾಗೆ ಅಳೆದು ಪಡೆದ ಒಂದೊಂದು ಅಂಕಿಗೂ ಸ್ಯಾಂಪಲ್ ಎಂದು ಹೆಸರು.

ಈ ನಿರ್ಧಾರ ಇಂದಿನದಲ್ಲ. ಟಿವಿ ಕೇಂದ್ರಗಳು ಡಿಜಿಟಲ್ ಉಪಕರಣಗಳ ಕಡೆಗೆ ಹೊರಳುತ್ತಿದ್ದ ಹೊತ್ತಿನಲ್ಲಿ, 1982ರಲ್ಲಿ, ಅಂತರರಾಷ್ಟ್ರೀಯ ರೇಡಿಯೊ ಸಲಹಾ ಸಮಿತಿಯಾದ ಸಿಸಿಐಆರ್ ತನ್ನ 601ನೆಯ ಶಿಫಾರಸನ್ನು ಅಂಗೀಕರಿಸಿತು. ಅಮೆರಿಕ ಮತ್ತು ಜಪಾನ್‌ಗಳಲ್ಲಿ ಬಳಕೆಯಲ್ಲಿದ್ದ ಎನ್‌ಟಿಎಸ್‌ಸಿ ಪದ್ಧತಿಗೆ 525 ಗೆರೆಗಳು ಮತ್ತು ಸೆಕೆಂಡಿಗೆ ಸುಮಾರು 30 ಫ್ರೇಮ್‌ಗಳು, ಪಾಲ್ ಪದ್ಧತಿಗೆ 625 ಗೆರೆಗಳು ಮತ್ತು 25 ಫ್ರೇಮ್‌ಗಳು. ಪರಸ್ಪರ ಒಗ್ಗದ ಈ ಎರಡಕ್ಕೂ ಸಲ್ಲುವ ಒಂದೇ ಅಳತೆಯ ವೇಗವನ್ನು ಹುಡುಕುವುದು ಆ ಶಿಫಾರಸಿನ ಗುರಿಯಾಗಿತ್ತು. ಅದಕ್ಕೆ ಸಿಕ್ಕ ಉತ್ತರ 13.5 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ 1 ಕೋಟಿ 35 ಲಕ್ಷ ಸ್ಯಾಂಪಲ್‌ಗಳು. ಪಾಲ್ ಪದ್ಧತಿಯ ಒಂದು ಗೆರೆಗೆ 64 ಮೈಕ್ರೊಸೆಕೆಂಡ್ ಹಿಡಿಯುವುದರಿಂದ ಈ ವೇಗದಲ್ಲಿ ಗೆರೆಗೆ ಸರಿಯಾಗಿ 864 ಸ್ಯಾಂಪಲ್‌ಗಳು ಬರುತ್ತವೆ; ಎನ್‌ಟಿಎಸ್‌ಸಿಯಲ್ಲಿ 858. ಎರಡರಲ್ಲೂ ಚಿತ್ರವಿರುವ ಭಾಗಕ್ಕೆಂದು 720 ಸ್ಯಾಂಪಲ್‌ಗಳನ್ನು ಮೀಸಲಿಡಲಾಯಿತು. ಡಿವಿಡಿಯಲ್ಲಿ, ಡಿವಿ ಕ್ಯಾಮೆರಾಗಳಲ್ಲಿ ಮತ್ತು ಇಂದಿನ ಹೆಚ್ಚಿನ ಕ್ಯಾಪ್ಚರ್ ಸಾಧನಗಳಲ್ಲಿ ಕಾಣಿಸುವ 720×576 ಎಂಬ ಅಳತೆ ಬಂದದ್ದು ಹೀಗೆ.

ವಿಎಚ್‌ಎಸ್ ಟೇಪಿನಲ್ಲಿ 720 ಸ್ಯಾಂಪಲ್‌ಗಳನ್ನು ತುಂಬುವಷ್ಟು ವಿವರ ಇದೆಯೇ ಎಂದು ಕೇಳಿದರೆ ಇಲ್ಲವೆಂದೇ ಹೇಳಬೇಕು. ಜೆವಿಸಿ ಕಂಪನಿ 1976ರಲ್ಲಿ ಹೊರತಂದ ವಿಎಚ್‌ಎಸ್, ಅರ್ಧ ಇಂಚು ಅಗಲದ ಟೇಪಿನಲ್ಲಿ ಗಂಟೆಗಟ್ಟಲೆ ಚಿತ್ರ ಹಿಡಿಸುವ ಸಲುವಾಗಿ ಬೆಳಕಿನ ಸಂಕೇತವನ್ನು ಸುಮಾರು 3 ಮೆಗಾಹರ್ಟ್ಸ್‌ಗೆ ಮೊಟಕುಗೊಳಿಸುತ್ತದೆ. ಒಂದು ಗೆರೆಯಲ್ಲಿ ಚಿತ್ರವಿರುವ ಅವಧಿ 52 ಮೈಕ್ರೊಸೆಕೆಂಡ್. ಅಷ್ಟರಲ್ಲಿ 3 ಮೆಗಾಹರ್ಟ್ಸ್‌ನ ಅಲೆ 156 ಬಾರಿ ಏರಿ ಇಳಿಯಬಲ್ಲದು, ಪ್ರತಿ ಏರಿಳಿತದಲ್ಲಿ ಒಂದು ಬೆಳಕು ಒಂದು ಕಪ್ಪು ಎಂದು ಲೆಕ್ಕ ಹಿಡಿದರೆ ಗೆರೆಯೊಂದರಲ್ಲಿ ಬೇರೆಬೇರೆಯಾಗಿ ಗುರುತಿಸಬಲ್ಲ ವಿವರಗಳು 312 ಮಾತ್ರ. ಟಿವಿ ತಂತ್ರಜ್ಞರು ವಿವರವನ್ನು ಚಿತ್ರದ ಎತ್ತರದಷ್ಟೇ ಅಗಲದಲ್ಲಿ ಎಣಿಸುವ ರೂಢಿಯಿಟ್ಟುಕೊಂಡಿರುವುದರಿಂದ ಇದರ ಮುಕ್ಕಾಲು ಪಾಲು, ಅಂದರೆ ಸುಮಾರು 240, ವಿಎಚ್‌ಎಸ್‌ನ ವಿವರಶಕ್ತಿಯೆಂದು ಪ್ರಸಿದ್ಧವಾಗಿದೆ. ಬಣ್ಣದ ಸಂಕೇತವಂತೂ ಇದಕ್ಕಿಂತ ಬಹಳ ಬಡವಾಗಿದ್ದು, ವಧುವಿನ ಸೀರೆಯ ಕೆಂಪು ಅಂಚಿನಾಚೆ ಹರಡಿಕೊಂಡಂತೆ ಕಾಣುವುದಕ್ಕೆ ಅದೇ ಕಾರಣ. 1987ರಲ್ಲಿ ಬಂದ ಎಸ್-ವಿಎಚ್‌ಎಸ್ ಮತ್ತು 1989ರ ಹೈ-8 ಕ್ಯಾಸೆಟ್‌ಗಳು ಸುಮಾರು 400ರವರೆಗೆ ಹೋಗುತ್ತವೆ; 720 ಸ್ಯಾಂಪಲ್‌ಗಳ ಗೆರೆ ಅವುಗಳಿಗೂ ಸಾಕಾಗುತ್ತದೆ.

ವಿವರ ಇಷ್ಟೇ ಎಂದ ಮೇಲೆ ಸ್ಯಾಂಪಲ್‌ಗಳನ್ನೂ ಅರ್ಧಕ್ಕೆ ಇಳಿಸಬಾರದೇಕೆ ಎಂಬ ಪ್ರಶ್ನೆಗೆ ಉತ್ತರ ಈಗಾಗಲೇ ಅನುಭವದಿಂದ ದೊರೆತಿದೆ. 2000ದ ಆಸುಪಾಸಿನಲ್ಲಿ ಊರೂರಿನ ಸ್ಟುಡಿಯೊಗಳು ಮದುವೆ ಕ್ಯಾಸೆಟ್‌ಗಳನ್ನು ವಿಸಿಡಿಗೆ ಹಾಕಿಕೊಟ್ಟವು. ವಿಸಿಡಿಯ ಅಳತೆ 352×288. ಅಗಲದಲ್ಲಿ 352 ಎಂಬುದು ಲೆಕ್ಕಕ್ಕೆ ಹೆಚ್ಚುಕಡಿಮೆ ಹೊಂದಿಕೊಂಡರೂ ಎತ್ತರದಲ್ಲಿ 576 ಗೆರೆಗಳ ಜಾಗದಲ್ಲಿ 288 ಮಾತ್ರ ಉಳಿದು, ಅರ್ಧದಷ್ಟು ಚಿತ್ರ ಸದ್ದಿಲ್ಲದೆ ಕಳೆದುಹೋಯಿತು. ಅದರ ಮೇಲೆ ಸಿಡಿಯ ಸೀಮಿತ ಜಾಗಕ್ಕಾಗಿ ಮಾಡಿದ ಬಿಗಿ ಸಂಕ್ಷೇಪದಿಂದ ಮುಖಗಳು ಚೌಕಚೌಕವಾಗಿ ಒಡೆದು ಕಾಣತೊಡಗಿದವು. ಡಿಸ್ಕ್ ಬಂದಿತೆಂದು ಮೂಲ ಕ್ಯಾಸೆಟ್ಟನ್ನು ಎಸೆದವರ ನಷ್ಟ ಇಂದು ತುಂಬಿಬರುವಂಥದ್ದಲ್ಲ. ಕ್ಯಾಸೆಟ್ ಇನ್ನೂ ಮನೆಯಲ್ಲಿದ್ದರೆ, ವಿಸಿಡಿ ಇದೆಯೆಂದು ಸುಮ್ಮನಿರದೆ ಮತ್ತೊಮ್ಮೆ ಮೂಲದಿಂದಲೇ ಡಿಜಿಟಲೀಕರಿಸುವುದು ಖಂಡಿತವಾಗಿ ಸಾರ್ಥಕ.

ಆ ಕಳೆದುಹೋದ ಅರ್ಧ ಯಾವುದು ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಡಿಜಿಟಲೀಕರಣದ ಅತಿ ದೊಡ್ಡ ಹಾನಿಗಳೆಲ್ಲ ಸಂಭವಿಸುವುದು ಇಲ್ಲಿಯೇ. ಪಾಲ್ ಕ್ಯಾಮೆರಾ ಒಂದು ಫ್ರೇಮಿನ 576 ಗೆರೆಗಳನ್ನು ಒಮ್ಮೆಗೇ ಸೆರೆಹಿಡಿಯುವುದಿಲ್ಲ. ಮೊದಲು ಒಂದು ಬಿಟ್ಟು ಒಂದರಂತೆ 288 ಗೆರೆಗಳನ್ನು ಹಿಡಿದು, ಸೆಕೆಂಡಿನ ಐವತ್ತನೆಯ ಒಂದು ಭಾಗ ಕಳೆದ ಮೇಲೆ ನಡುವೆ ಬಿಟ್ಟಿದ್ದ 288 ಗೆರೆಗಳನ್ನು ಹಿಡಿಯುತ್ತದೆ. ಈ ಒಂದೊಂದು ಅರ್ಧಕ್ಕೂ ಫೀಲ್ಡ್ ಎಂದೂ, ಎರಡನ್ನು ಒಂದರೊಳಗೊಂದು ಹೆಣೆಯುವ ಕ್ರಮಕ್ಕೆ ಇಂಟರ್‌ಲೇಸಿಂಗ್ ಎಂದೂ ಹೆಸರು. ಆದ್ದರಿಂದ ಒಂದು ಫ್ರೇಮಿನಲ್ಲಿರುವುದು ಎರಡು ಬೇರೆ ಕ್ಷಣಗಳ ಚಿತ್ರ. ಧಾರೆಯ ಹೊತ್ತಿನಲ್ಲಿ ಅಕ್ಷತೆ ಎರಚುವ ಕೈ ಮೊದಲ ಫೀಲ್ಡಿನಲ್ಲಿ ಒಂದು ಕಡೆಯಿದ್ದರೆ ಎರಡನೆಯದರಲ್ಲಿ ಮತ್ತೊಂದು ಕಡೆಗೆ ಸರಿದಿರುತ್ತದೆ. ಹಳೆಯ ಟಿವಿ ಇವುಗಳನ್ನು ಒಂದಾದ ಮೇಲೊಂದರಂತೆ ತೋರಿಸುತ್ತಿದ್ದುದರಿಂದ ಸೆಕೆಂಡಿಗೆ 50 ಹೆಜ್ಜೆಗಳ ನಯವಾದ ಚಲನೆ ಕಾಣುತ್ತಿತ್ತು. ಕಂಪ್ಯೂಟರಿನ ಪರದೆ ಎರಡನ್ನೂ ಒಟ್ಟಿಗೆ ತೋರಿಸಿದಾಗ ಚಲಿಸುವ ಕೈಯ ಅಂಚು ಬಾಚಣಿಗೆಯ ಹಲ್ಲುಗಳಂತೆ ಸೀಳಿ ಕಾಣುತ್ತದೆ.

ಈ ಹಲ್ಲುಗಳನ್ನು ಕಂಡು ಚಿತ್ರ ಹಾಳಾಗಿದೆಯೆಂದು ಭಾವಿಸಬೇಕಾಗಿಲ್ಲ. ಎರಡು ಫೀಲ್ಡುಗಳೂ ಸುರಕ್ಷಿತವಾಗಿ ಬಂದಿವೆ ಎಂಬುದಕ್ಕೆ ಅವು ಸಾಕ್ಷಿ, ಮತ್ತು ಅವುಗಳನ್ನು ಬಿಡಿಸಿ ಸೆಕೆಂಡಿಗೆ 50 ಪೂರ್ಣ ಫ್ರೇಮ್‌ಗಳನ್ನಾಗಿ ಮಾಡುವ ಡಿಇಂಟರ್‌ಲೇಸಿಂಗ್ ತಂತ್ರಾಂಶಗಳು ವರ್ಷದಿಂದ ವರ್ಷಕ್ಕೆ ಉತ್ತಮಗೊಳ್ಳುತ್ತಿವೆ. ಸರಿಪಡಿಸಲಾಗದ ಹಾನಿಯೆಂದರೆ ಫೀಲ್ಡುಗಳನ್ನು ಬಿಡಿಸುವ ಮೊದಲೇ ಚಿತ್ರದ ಎತ್ತರವನ್ನು ಬದಲಿಸುವುದು. ಅಗ್ಗದ ಕ್ಯಾಪ್ಚರ್ ಸಾಧನವೊಂದು 576 ಗೆರೆಗಳ ಪಾಲ್ ಚಿತ್ರವನ್ನು 640×480ಕ್ಕೆ ಕುಗ್ಗಿಸಿ ಬರೆದುಕೊಂಡರೆ ಅಕ್ಕಪಕ್ಕದ ಗೆರೆಗಳು, ಎಂದರೆ ಎರಡು ಬೇರೆ ಕ್ಷಣಗಳು, ಒಂದರಲ್ಲೊಂದು ಕಲಸಿಹೋಗುತ್ತವೆ. ಆಮೇಲೆ ಯಾವ ತಂತ್ರಾಂಶವೂ ಅವನ್ನು ಬೇರ್ಪಡಿಸಲಾರದು. ವಿಸಿಆರ್‌ನಿಂದ ಬಂದ ಸಂಕೇತವನ್ನು ನೇರವಾಗಿ ಎಚ್‌ಡಿಎಂಐಗೆ ಬದಲಿಸಿ 720 ಅಥವಾ 1080 ಗೆರೆಗಳಿಗೆ ಹಿಗ್ಗಿಸುವ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ಆನ್‌ಲೈನ್ ಅಂಗಡಿಗಳವರೆಗೆ ಎಲ್ಲೆಡೆ ಸಿಗುವ ಸಣ್ಣ ಪೆಟ್ಟಿಗೆಗಳ ಪಾಡೂ ಬಹುತೇಕ ಇದೇ. ಅವು ಫೀಲ್ಡುಗಳನ್ನು ಒರಟಾಗಿ ಬೆಸೆಯುತ್ತವೆ, ಸೆಕೆಂಡಿಗೆ 50 ಹೆಜ್ಜೆಗಳ ಚಲನೆಯನ್ನು ಹಲವು ಸಲ 60ಕ್ಕೆ ತಿರುಚುತ್ತವೆ, ಮತ್ತು ಚಿತ್ರವನ್ನು ಅಗಲ ಪರದೆಗೆ ಹಿಗ್ಗಿಸುತ್ತವೆ. ಟಿವಿಗೆ ಹಳೆಯ ವಿಸಿಆರ್ ಜೋಡಿಸಿ ನೋಡಲು ಅವು ಸಾಕು. ಕಾಪಿಡುವ ಪ್ರತಿ ತಯಾರಿಸಲು ಅವು ತಕ್ಕವಲ್ಲ. ಹೀಗಾಗಿ ಮೂಲಪ್ರತಿಯನ್ನು 720×576ರಲ್ಲಿ, ಇಂಟರ್‌ಲೇಸ್ ಆಗಿರುವಂತೆಯೇ, ಸೆಕೆಂಡಿಗೆ 25 ಫ್ರೇಮ್‌ಗಳಲ್ಲಿ ಹಿಡಿದಿಡುವುದು ಸಲ್ಲುವ ಕ್ರಮ.

ಇನ್ನು ಅನುಪಾತ. ಹಳೆಯ ಟಿವಿಯ ಪರದೆ ಅಗಲದಲ್ಲಿ 4 ಪಾಲಿದ್ದರೆ ಎತ್ತರದಲ್ಲಿ 3 ಪಾಲಿರುತ್ತಿತ್ತು. ಮೂಕಿ ಚಲನಚಿತ್ರಗಳ ಕಾಲದ ಚೌಕಟ್ಟಿನಿಂದ ಟಿವಿ ಪಡೆದುಕೊಂಡ ಈ 4:3 ಆಕಾರ ಸುಮಾರು ಅರ್ಧ ಶತಮಾನ ಮುಂದುವರಿಯಿತು. ಆದರೆ 720ನ್ನು 576ರಿಂದ ಭಾಗಿಸಿದರೆ 1.25 ಬರುತ್ತದೆ, 4ನ್ನು 3ರಿಂದ ಭಾಗಿಸಿದರೆ 1.33. ಲೆಕ್ಕ ಕೂಡಿಬರದಿರುವುದಕ್ಕೆ ಕಾರಣ ಸಿಸಿಐಆರ್‌ನ ಸ್ಯಾಂಪಲ್‌ಗಳು ಚೌಕವಾಗಿಲ್ಲದಿರುವುದು. ಕಂಪ್ಯೂಟರಿನ ಪರದೆಯ ಪಿಕ್ಸೆಲ್ ಅಗಲ ಎತ್ತರಗಳಲ್ಲಿ ಸಮವಾಗಿದ್ದರೆ, ಪಾಲ್ ಚಿತ್ರದ ಸ್ಯಾಂಪಲ್ ಎತ್ತರದಲ್ಲಿ 11 ಪಾಲು, ಅಗಲದಲ್ಲಿ 12 ಪಾಲು ಎನ್ನುವಷ್ಟು ಅಡ್ಡಲಾಗಿ ಹಿಗ್ಗಿರುತ್ತದೆ. ಅದನ್ನು ಗಮನಿಸದೆ ಚೌಕ ಪಿಕ್ಸೆಲ್‌ಗಳಲ್ಲಿ ತೋರಿಸಿದರೆ ಎಲ್ಲರೂ ಸುಮಾರು ಶೇಕಡಾ 8ರಷ್ಟು ಸಣಕಲಾಗಿ ಕಾಣುತ್ತಾರೆ. ಎನ್‌ಟಿಎಸ್‌ಸಿಯಲ್ಲಿ ಅಳತೆ 720×480 ಆಗಿದ್ದು ಸ್ಯಾಂಪಲ್ ಎತ್ತರದಲ್ಲಿ 11, ಅಗಲದಲ್ಲಿ 10 ಪಾಲಿರುವುದರಿಂದ ತಪ್ಪಿನ ಫಲ ತಿರುವುಮುರುವಾಗಿ ಜನ ಶೇಕಡಾ 10ರಷ್ಟು ದಪ್ಪವಾಗುತ್ತಾರೆ.

ಇಲ್ಲಿ ಮತ್ತೊಂದು ಸೂಕ್ಷ್ಮವಿದೆ, ಅನುಭವಿ ಸಂಪಾದಕರೂ ಇದರಲ್ಲಿ ಎಡವುವುದುಂಟು. ಚಿತ್ರವಿರುವ 52 ಮೈಕ್ರೊಸೆಕೆಂಡ್‌ಗಳಲ್ಲಿ 13.5 ಮೆಗಾಹರ್ಟ್ಸ್ ವೇಗದಿಂದ ಬರುವ ಸ್ಯಾಂಪಲ್‌ಗಳು 720 ಅಲ್ಲ, 702. ಸಂಕೇತ ಅತ್ತಿತ್ತ ಸರಿದರೆ ಅಂಚು ಕತ್ತರಿಸಿಹೋಗದಿರಲೆಂದು ಎರಡೂ ಬದಿಗಳಲ್ಲಿ ಇಷ್ಟಿಷ್ಟು ಜಾಗ ಬಿಟ್ಟು 720 ಎಂದು ಗೊತ್ತುಪಡಿಸಲಾಗಿತ್ತು. ಕ್ಯಾಪ್ಚರ್ ಮಾಡಿದ ಚಿತ್ರದ ಎಡಬಲಗಳಲ್ಲಿ ಕಾಣಿಸುವ ಸಣ್ಣ ಕಪ್ಪು ಪಟ್ಟಿಗಳಿಗೆ ಇದೇ ಕಾರಣ. 4:3 ಎಂಬ ಅನುಪಾತ ಸಲ್ಲುವುದು ನಡುವಿನ ಈ ಭಾಗಕ್ಕೆ. ಲೆಕ್ಕದ ಅನುಕೂಲಕ್ಕೆ ಅದನ್ನು 704 ಎಂದು ಹಿಡಿಯುವುದು ವಾಡಿಕೆ. ಆಗ ಎರಡೂ ಬದಿಗಳಿಂದ 8ರಂತೆ ಕತ್ತರಿಸಿ ಉಳಿದ 704×576ನ್ನು 12:11ರ ಪ್ರಕಾರ ಹಿಗ್ಗಿಸಿದರೆ 768×576 ಎಂಬ ಚೌಕ ಪಿಕ್ಸೆಲ್‌ಗಳ ಶುದ್ಧ 4:3 ಚಿತ್ರ ದೊರೆಯುತ್ತದೆ, ಎನ್‌ಟಿಎಸ್‌ಸಿಯಲ್ಲಿ ಅದೇ ಕ್ರಮದಿಂದ 640×480 ಬರುತ್ತದೆ. ಪೂರ್ಣ 720ನ್ನೇ 768ಕ್ಕೆ ಹಿಗ್ಗಿಸುವವರ ಚಿತ್ರದಲ್ಲಿ ಶೇಕಡಾ 2ರಷ್ಟು ಆಕಾರದೋಷ ಉಳಿಯುತ್ತದೆ. ಅದು ಕಣ್ಣಿಗೆ ಸುಲಭವಾಗಿ ಕಾಣದು, ಮನೆಯ ಬಳಕೆಗೆ ಅಡ್ಡಿಯೂ ಇಲ್ಲ. ಸಂಗ್ರಹಾಲಯದ ಕೆಲಸದಲ್ಲಿ ಮಾತ್ರ ಅಷ್ಟನ್ನೂ ಬಿಡಬಾರದು.

ಅನುಪಾತ ಸರಿಯಾಗಿದೆಯೇ ಎಂದು ಪರೀಕ್ಷಿಸಲು ದುಬಾರಿ ಉಪಕರಣಗಳೇನೂ ಬೇಕಿಲ್ಲ. ದುಂಡಗಿರುವುದೆಂದು ಖಚಿತವಾಗಿ ಗೊತ್ತಿರುವ ಯಾವುದಾದರೂ ವಸ್ತು, ಉದಾಹರಣೆಗೆ ಛತ್ರದ ಗೋಡೆಯ ಗಡಿಯಾರವೋ ಕ್ಯಾಮೆರಾದ ಕಡೆಗೆ ನೇರವಾಗಿ ಎತ್ತಿ ಹಿಡಿದ ಆರತಿಯ ತಟ್ಟೆಯೋ ಇರುವ ಫ್ರೇಮನ್ನು ನಿಲ್ಲಿಸಿ, ಪರದೆಯ ಮೇಲೆ ಅದರ ಅಗಲ ಎತ್ತರಗಳನ್ನು ಸ್ಕೇಲಿನಿಂದ ಅಳೆದರೆ ಸಾಕು. ಎರಡೂ ಸಮವಾಗಿದ್ದರೆ ಅನುಪಾತ ಸರಿಯಿದೆ. ಎತ್ತರ 12 ಸೆಂಟಿಮೀಟರ್ ಇದ್ದು ಅಗಲ 11 ಬಂದರೆ ಪಾಲ್ ಚಿತ್ರವನ್ನು ಚೌಕ ಪಿಕ್ಸೆಲ್‌ಗಳಲ್ಲಿ ತೋರಿಸಲಾಗಿದೆ ಎಂದರ್ಥ. ಎತ್ತರ 12ಕ್ಕೆ ಅಗಲ 16 ಬಂದರೆ 4:3 ಚಿತ್ರವನ್ನು ಇಂದಿನ ಟಿವಿಗಳ 16:9 ಪರದೆಯ ತುಂಬ ಹಿಗ್ಗಿಸಲಾಗಿದೆ.

ಈ ಕೊನೆಯ ದೋಷವೇ ಎಲ್ಲಕ್ಕಿಂತ ವ್ಯಾಪಕವಾದದ್ದು. ಪರದೆಯ ಎಡಬಲಗಳಲ್ಲಿ ಕಪ್ಪು ಉಳಿದರೆ ಜಾಗ ವ್ಯರ್ಥವಾಯಿತೆಂದು ಭಾವಿಸುವ ನೋಡುಗರನ್ನು ಮೆಚ್ಚಿಸಲು ಅಂಗಡಿಯವರು ಚಿತ್ರವನ್ನು ಅಡ್ಡಡ್ಡ ಎಳೆಯುತ್ತಾರೆ, ಇಲ್ಲವೆ ಮೇಲೆ ಕೆಳಗೆ ಕತ್ತರಿಸುತ್ತಾರೆ. ಎಳೆದರೆ ಪ್ರತಿಯೊಂದು ಮುಖವೂ ಮೂರನೆಯ ಒಂದರಷ್ಟು ಹೆಚ್ಚು ಅಗಲವಾಗುತ್ತದೆ; ಕತ್ತರಿಸಿದರೆ ಚಿತ್ರದ ಕಾಲು ಭಾಗ ಹೋಗುತ್ತದೆ, ಮತ್ತು ಆ ಕಾಲು ಭಾಗದಲ್ಲಿ ಅಜ್ಜಿಯ ಮುಡಿಯ ಹೂವೋ ಹಸೆಮಣೆಯ ಮುಂದಿನ ರಂಗೋಲಿಯೋ ಇರುತ್ತದೆ. ಕ್ಯಾಮೆರಾ ಹಿಡಿದಾತ ತನ್ನ ಕಣ್ಣಳತೆಯಿಂದ 4:3ರೊಳಗೆ ಕೂರಿಸಿದ ದೃಶ್ಯವನ್ನು ಇಪ್ಪತ್ತು ಮೂವತ್ತು ವರ್ಷಗಳ ನಂತರ ಬೇರೊಬ್ಬರು ಬದಲಿಸುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಕಪ್ಪು ಪಟ್ಟಿಗಳು ಇದ್ದಲ್ಲಿ ಇರಲಿ. ಇದಕ್ಕೆ ಒಂದು ಅಪವಾದವುಂಟು. 1990ರ ದಶಕದ ಕೊನೆಯಿಂದ ಬಂದ ಕೆಲವು ಮಿನಿ ಡಿವಿ ಕ್ಯಾಮೆರಾಗಳಲ್ಲಿ ಅಗಲ ಚಿತ್ರವನ್ನು ಅದೇ 720×576ರೊಳಗೆ ಅಡ್ಡಲಾಗಿ ಹಿಂಡಿ ತುಂಬುವ ಸೌಲಭ್ಯವಿತ್ತು. ಅಂಥ ಟೇಪುಗಳಲ್ಲಿ ಜನ ಅತಿಯಾಗಿ ನೀಳವಾಗಿ ಕಂಡರೆ ಅವುಗಳ ನಿಜವಾದ ಆಕಾರ 16:9 ಎಂದೇ ತಿಳಿದು 1024×576ಕ್ಕೆ ಬಿಡಿಸಿಕೊಳ್ಳಬೇಕು.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ಅಲ್ಲಿನ ಮನೆ, ಹಿಮ, ಮಕ್ಕಳ ಹುಟ್ಟುಹಬ್ಬಗಳನ್ನು ಚಿತ್ರಿಸಿ ಊರಿಗೆ ಕಳಿಸಿದ ಕ್ಯಾಸೆಟ್‌ಗಳ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಅವು ಎನ್‌ಟಿಎಸ್‌ಸಿ ಟೇಪುಗಳು. ಇಲ್ಲಿನ ಅನೇಕ ವಿಸಿಆರ್‌ಗಳು ಅವನ್ನು ಓಡಿಸುತ್ತಿದ್ದರೂ, 525 ಗೆರೆಗಳನ್ನು ಹಾಗೆಯೇ ಉಳಿಸಿ ಬಣ್ಣವನ್ನು ಮಾತ್ರ ಪಾಲ್ ರೀತಿಗೆ ಬದಲಿಸುವ, ಪಾಲ್-60 ಎಂದು ಕರೆಯಲಾಗುವ ಬೆರಕೆ ಸಂಕೇತವನ್ನು ಹೊರಕ್ಕೆ ಕಳಿಸುತ್ತಿದ್ದವು. ಹಳೆಯ ಟಿವಿ ಅದನ್ನು ಸಹಿಸಿಕೊಳ್ಳುತ್ತಿತ್ತು, ಕ್ಯಾಪ್ಚರ್ ಸಾಧನಗಳು ಹಲವು ವೇಳೆ ಸಹಿಸುವುದಿಲ್ಲ. ಚಿತ್ರ ಕಪ್ಪುಬಿಳುಪಾಗಿಯೋ ಮೇಲೆ ಕೆಳಗೆ ಉರುಳುತ್ತಲೋ ಬರುತ್ತದೆ. ಅಂಥ ಕ್ಯಾಸೆಟ್ಟನ್ನು ಎನ್‌ಟಿಎಸ್‌ಸಿ ಸಂಕೇತವನ್ನು ಅದರ ಮೂಲರೂಪದಲ್ಲೇ ಕೊಡುವ ಯಂತ್ರದಲ್ಲಿ ಓಡಿಸಿ, 720×480ರಲ್ಲಿ, ಸೆಕೆಂಡಿಗೆ 29.97 ಫ್ರೇಮ್‌ಗಳಲ್ಲಿ ಹಿಡಿಯಬೇಕು. ಎಲ್ಲ ಕ್ಯಾಸೆಟ್‌ಗಳೂ ಒಂದೇ ಅಳತೆಯಲ್ಲಿರಲಿ ಎಂದು ಅದನ್ನು 576 ಗೆರೆಗಳಿಗೆ ಬದಲಿಸಿದರೆ ಚಲನೆಯೂ ವಿವರವೂ ಒಟ್ಟಿಗೇ ಕೆಡುತ್ತವೆ.

ಮೂಲಪ್ರತಿಯಲ್ಲಿ ಅಂಚುಗಳನ್ನು ಕತ್ತರಿಸುವ ಆತುರವೂ ಸಲ್ಲದು. ವಿಎಚ್‌ಎಸ್ ಚಿತ್ರದ ತೀರ ಕೆಳಗಿನ ಕೆಲವು ಗೆರೆಗಳು ಹರಿದು ಚೆಲ್ಲಾಪಿಲ್ಲಿಯಾಗಿ ಕಾಣುತ್ತವೆ. ಸೆಕೆಂಡಿಗೆ 25 ಬಾರಿ ಸುತ್ತುವ ಡ್ರಮ್ಮಿನ ಮೇಲಿನ ಎರಡು ಹೆಡ್‌ಗಳ ಪೈಕಿ ಒಂದು ಟೇಪನ್ನು ಬಿಟ್ಟು ಇನ್ನೊಂದು ಓದಲು ತೊಡಗುವ ಕ್ಷಣ ಅಲ್ಲಿ ಬೀಳುತ್ತದೆ. ಹಳೆಯ ಟಿವಿಯ ಚೌಕಟ್ಟು ಅದನ್ನು ಮರೆಮಾಡುತ್ತಿತ್ತು. ನೋಡುವ ಪ್ರತಿಯಲ್ಲಿ ಆ ಗೆರೆಗಳ ಮೇಲೆ ಕಪ್ಪು ಮುಚ್ಚಬಹುದು, ಮೂಲದಲ್ಲಿ ಅವು ಇದ್ದಂತೆಯೇ ಇರಬೇಕು. ಇನ್ನು, ಟೇಪಿನ ಎಳೆತದಿಂದ ಗೆರೆಗಳು ಎಡಕ್ಕೂ ಬಲಕ್ಕೂ ಓಲಾಡುತ್ತಿದ್ದರೆ ಅದನ್ನು ನೆಟ್ಟಗೆ ಮಾಡುವುದು ಟೈಮ್ ಬೇಸ್ ಕರೆಕ್ಟರ್ ಎಂಬ ಉಪಕರಣ, ಮತ್ತು ಅದಕ್ಕೆ ಮಾಡುವ ಖರ್ಚು ಹೆಚ್ಚಿನ ಪಿಕ್ಸೆಲ್‌ಗಳಿಗೆ ಮಾಡುವ ಖರ್ಚಿಗಿಂತ ಎಷ್ಟೋ ಪಾಲು ಫಲ ಕೊಡುತ್ತದೆ.

ಇಷ್ಟು ಎಚ್ಚರದಿಂದ ಹಿಡಿದ ಚಿತ್ರಕ್ಕೆ ಬೇಕಾಗುವ ಜಾಗವೂ ಸಣ್ಣದಲ್ಲ. ಸಂಕ್ಷೇಪಿಸದೆ ಬರೆದರೆ ಗಂಟೆಗೆ ಸುಮಾರು 75 ಗಿಗಾಬೈಟ್ ಆಗುತ್ತದೆ. ಎಫ್‌ಎಫ್‌ವಿ1 ಎಂಬ ನಷ್ಟರಹಿತ ಸಂಕ್ಷೇಪ ವಿಧಾನ ಒಂದೂ ಅಂಕಿ ಕಳೆಯದೆ ಅದನ್ನು ಸಾಮಾನ್ಯವಾಗಿ ಅರ್ಧದ ಆಸುಪಾಸಿಗೆ ಅಥವಾ ಅದಕ್ಕೂ ಕೆಳಗೆ ಇಳಿಸುತ್ತದೆ. ಅದರ ರಚನೆ 2021ರಲ್ಲಿ ಸಾರ್ವಜನಿಕ ದಾಖಲೆಯಾಗಿ ಪ್ರಕಟವಾಗಿರುವುದರಿಂದ ಮುಂದೆ ಯಾವುದೋ ಕಂಪನಿ ಬಾಗಿಲು ಹಾಕಿತೆಂದು ಕಡತ ತೆರೆಯದಂತಾಗುವ ಭಯವಿಲ್ಲ. ಮೂಲಪ್ರತಿಯ ಜೊತೆಗೆ ಕ್ಯಾಸೆಟ್ಟಿನ ಪದ್ಧತಿ, ಅನುಪಾತ ಮತ್ತು ಯಾವ ಫೀಲ್ಡ್ ಮೊದಲು ಬರುತ್ತದೆ ಎಂಬುದನ್ನು ಬರೆದಿಡಬೇಕು. ಈ ಕೊನೆಯದು ತಪ್ಪಿದರೆ ಚಲನೆ ಮೂರು ಹೆಜ್ಜೆ ಮುಂದೆ ಹೋಗಿ ಒಂದು ಹೆಜ್ಜೆ ಹಿಂದೆ ಬಂದಂತೆ ನಡುಗುತ್ತದೆ.

ಬಂಧುಗಳಿಗೆ ಹಂಚುವ ಪ್ರತಿಯನ್ನು ಈ ಮೂಲದಿಂದ ಬೇರೆಯಾಗಿಯೇ ತಯಾರಿಸಿಕೊಳ್ಳಬೇಕು, ಮತ್ತು ದೊಡ್ಡ ಅಳತೆಗಳಿಗೆ ನ್ಯಾಯವಾದ ಎಡೆಯಿರುವುದು ಅಲ್ಲಿ. ಫೀಲ್ಡುಗಳನ್ನು ಬಿಡಿಸಿ ಸೆಕೆಂಡಿಗೆ 50 ಫ್ರೇಮ್‌ಗಳ 768×576 ಚಿತ್ರ ಮಾಡಿಕೊಂಡರೆ ಫೋನಿಗೂ ಟಿವಿಗೂ ಸಾಕು. ಯೂಟ್ಯೂಬ್ 50 ಫ್ರೇಮ್‌ಗಳ ಚಲನೆಯನ್ನು ತೋರಿಸುವುದು 720 ಗೆರೆ ಮತ್ತು ಅದಕ್ಕೂ ಮೇಲಿನ ಅಳತೆಗಳಲ್ಲಿ ಮಾತ್ರವಾದ್ದರಿಂದ, ಅಲ್ಲಿಗೆ ಏರಿಸುವ ಪ್ರತಿಯನ್ನು 1440×1080ಕ್ಕೆ ಹಿಗ್ಗಿಸುವುದು ಸರಿಯಾದ ಕ್ರಮ. ಅದೂ 4:3 ಆಕಾರವೇ, 768×576ರ 1.875 ಪಟ್ಟು. ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳಿಂದ 4ಕೆ ಮಾಡಿಸುವವರು ಮಾತ್ರ ಒಂದನ್ನು ತಿಳಿದಿರಬೇಕು: ಗೆರೆಗೆ 312 ವಿವರಗಳಿರುವ ಟೇಪಿನಲ್ಲಿ ಇಲ್ಲದ ಕಣ್ರೆಪ್ಪೆ, ಹಲ್ಲು, ಸುಕ್ಕುಗಳನ್ನು ಅವು ಬೇರೆ ಸಾವಿರಾರು ಮುಖಗಳನ್ನು ನೋಡಿ ಕಲಿತ ಊಹೆಯಿಂದ ಬರೆಯುತ್ತವೆ, ಹಾಗೆ ಬರೆದ ಮುಖ ತೀರಿಹೋದ ತಾತನದಾಗಿರುವುದಿಲ್ಲ. ಹಾಗೆ ಮಾಡಿಸಿದ ಪ್ರತಿಯ ಹೆಸರಿನಲ್ಲೇ ಅದನ್ನು ಗುರುತು ಮಾಡಿ, 720×576ರ ಮೂಲವನ್ನು ಬೇರೆಬೇರೆ ಕಡೆ ಇರುವ ಎರಡು ಡಿಸ್ಕ್‌ಗಳಲ್ಲಿ ಇಡಬೇಕು. ಕ್ಯಾಸೆಟ್ಟನ್ನು ನೆಟ್ಟಗೆ ನಿಲ್ಲಿಸಿ, ಒಣಗಿದ ತಂಪು ಜಾಗದಲ್ಲಿ ಉಳಿಸಿಕೊಳ್ಳಬೇಕು.